ಡೇವಿ ಜೋನ್ಸನ ವಿಳಾಸ

ಮಂಗಳೂರಿನಲ್ಲಿ ಜೋನ್ಸ್ ಎಂಬ ಹೆಸರಿನ ಗಂಡಸರು ಎಲ್ಲೆಲ್ಲಿ ಇದ್ದಾರೆಂದು ಕೇಳಿದರೆ ನನ್ನ ಅಪ್ಪ ಹೇಳಬಲ್ಲರು. ಒಬ್ಬರು ಬೆಂದೂರಿನಲ್ಲಿ ಟೈಲರ್. ಒಬ್ಬರು ಕುಲಶೇಖರದಲ್ಲಿ ಹಂದಿ ಸಾಕುತ್ತಾರೆ. ವೆಲೆನ್ಸಿಯಾದಲ್ಲಿ ಒಬ್ಬರು ಪಾರ್ಶ್ವವಾಯು ಬಡಿದು ಮಲಗಿದ್ದಾರೆ. ಅಪ್ಪ ಹೋದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ, ಅವರ ಬಾಯಿ ಒರೆಸಿ, ಫ್ಯಾನ್ ಹಾಕಿ ಬಂದರಂತೆ. ಜೂನ್ ಮುಗಿಯುವಷ್ಟರಲ್ಲಿ ಹತ್ತು ಮಂದಿ ಆಗಿದ್ದರು. ಹತ್ತರಲ್ಲಿ ಒಬ್ಬರೂ ಅಪ್ಪ ಹುಡುಕುತ್ತಿದ್ದ ಜೋನ್ಸ್ ಆಗಿರಲಿಲ್ಲ.

ಅಪ್ಪ, ಲೀಲಾಧರ, ಮೀನು ಹಿಡಿಯುವ ಟ್ರಾಲ್ ಬೋಟಿನ ತಂಡೇಲರು. ಒಬ್ಬರೇ ಮಾಲಕರ ಬೋಟನ್ನು ಇಪ್ಪತ್ತೆರಡು ವರ್ಷ ನಡೆಸಿದವರು. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೇರೆ ವರ್ಷಗಳಲ್ಲಿ ಅಪ್ಪ ಆ ಎರಡು ತಿಂಗಳು ಬೋಟು ಕಟ್ಟುವ ದಕ್ಕೆಯಲ್ಲಿ ಕುಳಿತು ಹರಿದ ಬಲೆ ಸರಿಮಾಡುತ್ತಿದ್ದರು. ಈ ವರ್ಷ ಕೊಡೆ ಹಿಡಿದುಕೊಂಡು ಜೋನ್ಸ್‌ಗಳನ್ನು ಹುಡುಕಲು ಹೊರಟರು.

ಶುರುವಾದದ್ದು ಮಾರ್ಚ್ ಹನ್ನೊಂದರ ಸಂಜೆ. ಅಣ್ಣ ಧನರಾಜ್ ಗಲ್ಫಿನಲ್ಲಿ, ಕಡಲಿನ ಎಣ್ಣೆ ಬಾವಿಗಳಿಗೆ ಸಾಮಾನು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ. ಆ ಹಡಗಿನ ಸೆಕೆಂಡ್ ಇಂಜಿನಿಯರ್ ಅಪ್ಪನ ಮೊಬೈಲಿಗೆ ಫೋನ್ ಮಾಡಿದ. ಅವನು ಇಂಗ್ಲೆಂಡಿನವನು. ಅಣ್ಣ ವಿಡಿಯೊ ಕಾಲ್ ಮಾಡಿದಾಗ ಒಂದೆರಡು ಸಲ ಹಿಂದಿನಿಂದ ಕೈ ಬೀಸಿ "ಹಲೋ ಪಪ್ಪಾ" ಎಂದಿದ್ದವನು. ಅವನು ಹೇಳಿದ್ದನ್ನು ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಅದು ಈಗಲೂ ನನ್ನ ಹತ್ತಿರ ಇದೆ: 'ಸಾರಿ ಪಪ್ಪಾ. ಧನ್ ಗಾನ್ ಟು ಡೇವಿ ಜೋನ್ಸ್ ಲಾಕರ್. ಸಾರಿ.'

ಅಪ್ಪನಿಗೆ ಬೋಟಿಗೆ ಬೇಕಾದಷ್ಟು ಇಂಗ್ಲಿಷ್ ಗೊತ್ತು. ಗೇರ್, ಪ್ರೊಪೆಲ್ಲರ್, ಫುಲ್, ಸ್ಲೋ. 'ಗಾನ್ ಟು' ಅಂದರೆ ಹೋದ. ಯಾರ ಹತ್ತಿರ? ಡೇವಿ ಜೋನ್ಸ್ ಹತ್ತಿರ. ನಮ್ಮ ಊರಿನಲ್ಲಿ ಡೇವಿಗಳೂ ಉಂಟು, ಜೋನ್ಸ್‌ಗಳೂ ಉಂಟು. ಬೋಳಾರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆಯವರ ಹೆಸರೇ ಡೇವಿಡ್. ಅಂಥ ಹೆಸರಿನ ನಮ್ಮೂರಿನವರು ಗಲ್ಫಿನಲ್ಲಿ ಸೂಪರ್‌ವೈಸರುಗಳು, ಏಜೆಂಟರು. ಇನ್ನು ಲಾಕರ್ ಅಂದರೆ ಸಾಮಾನು ಇಡುವ ಜಾಗ. ಒಂದೊಂದು ಪದವೂ ಸರಿಯಾಗಿಯೇ ಅರ್ಥವಾಗಿತ್ತು.

ನಾನು ಆಗ ಕೊಣಾಜೆಯ ಹಾಸ್ಟೆಲಿನಲ್ಲಿದ್ದೆ. ಇಂಗ್ಲಿಷ್ ಎಂ.ಎ. ಅಪ್ಪ ನನಗೆ ಫೋನ್ ಮಾಡಿದರು.

"ಮೋಕ್ಷಾ, ನಿನ್ನ ಅಣ್ಣ ಕಂಪನಿ ಬದಲಾಯಿಸಿದ್ದಾನೆ. ಡೇವಿ ಜೋನ್ಸ್ ಅಂತ ಒಬ್ಬರ ಕಡೆ ಸೇರಿದ್ದಂತೆ. ಲಾಕರ್ ಎಲ್ಲ ಉಂಟಂತೆ. ದೊಡ್ಡ ಪಾರ್ಟಿ ಇರ್ಬೇಕು."

"ಅಣ್ಣ ಯಾಕೆ ಹೇಳ್ಲಿಲ್ಲ? ಬೇರೆಯವರ ಹತ್ರ ಹೇಳಿಸುದು ಎಂತಕ್ಕೆ?"

"ಸಿಮ್ ಬದಲಾಯಿಸಿರ್ಬೇಕು."

"ಆ ಇಂಜಿನಿಯರ್ ಸಾರಿ ಯಾಕೆ ಹೇಳಿದ್ದು?"

"ಜೊತೆಗಿದ್ದವ ಬಿಟ್ಟು ಹೋದ್ರೆ ಬೇಜಾರಾಗುದಿಲ್ವಾ ಮಾರಾಯ್ತಿ?"

ಇದು ನನಗೆ ಸರಿ ಎನಿಸಿತು. ನೆಟ್ಟಿನಲ್ಲಿ ಡೇವಿಡ್ ಜೋನ್ಸ್, ದುಬೈ, ಮರೀನ್ ಎಂದು ಹುಡುಕಿದೆ. ಆ ಹೆಸರಿನ ನೂರು ಜನ ಸಿಕ್ಕಿದರು, ಕೆಲವರು ಟೈ ಕಟ್ಟಿದ್ದರು. ಡೇವಿ ಎಂಬುದು ಅಪ್ಪನ ಬಾಯಲ್ಲಿ ಡೇವಿಡ್ ಸವೆದದ್ದು ಎಂದುಕೊಂಡೆ.

ಮರುದಿನ ಅಣ್ಣನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯಿಂದ ಮೇಲ್ ಬಂತು. ಹತ್ತನೆಯ ತಾರೀಕಿನಿಂದ ಧನರಾಜ್ ಹಡಗಿನಲ್ಲಿಲ್ಲ, ಮನೆಯವರನ್ನು ಏನಾದರೂ ಸಂಪರ್ಕಿಸಿದ್ದಾರೆಯೇ ಎಂದು ಕೇಳಿದ್ದರು. ಅಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ನನ್ನ ಮಗ ಮಿಸ್ಟರ್ ಡೇವಿ ಜೋನ್ಸ್ ಎಂಬವರ ಬಳಿ ಕೆಲಸಕ್ಕೆ ಸೇರಿದ್ದಾನೆಂದು ತಿಳಿದುಬಂದಿದೆ, ದಯವಿಟ್ಟು ಅವರ ವಿಳಾಸ ಕೊಡಿ. 'ಮಿಸ್ಟರ್' ಎಂದು ಸೇರಿಸಿದ್ದು ನಾನು. ದೊಡ್ಡವರ ಹೆಸರನ್ನು ಬರಿದಾಗಿ ಬರೆಯಬಾರದು ಎಂದು. ಕೆಳಗೆ ಅಪ್ಪನ ಹೆಸರು ಹಾಕಿ, ಅಪ್ಪನ ಮೇಲ್‌ನಿಂದ ಕಳಿಸಿದೆ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಹದಿಮೂರಕ್ಕೆ ಉತ್ತರ ಬಂತು. ಮಾಹಿತಿಗೆ ಧನ್ಯವಾದ, ಎಂದಷ್ಟೇ. ವಿಳಾಸ ಇರಲಿಲ್ಲ.

ಏಪ್ರಿಲ್‌ನಲ್ಲಿ ಪೊಲೀಸರೊಬ್ಬರು ಮನೆಗೆ ಬಂದು, ಹಡಗಿನಿಂದ ಓಡಿಹೋದ ಧನರಾಜ್ ಇದೇ ಮನೆಯವನಾ, ಫೋನ್ ಗೀನ್ ಮಾಡಿದ್ದಾನಾ ಎಂದು ಕೇಳಿ ಬರೆದುಕೊಂಡು ಹೋದರು. 'ಓಡಿಹೋದ' ಎಂಬ ಮಾತು ಬೋಳಾರದಲ್ಲಿ ಉಳಿಯಿತು. ಅಮ್ಮ ಸ್ವರ್ಣಲತಾ ಮಂಗಳಾದೇವಿಯ ಹತ್ತಿರ ಮೀನು ಮಾರುತ್ತಾಳೆ. ಗಿರಾಕಿಗಳು ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ ಕೇಳುತ್ತಿದ್ದರು, "ಮಗನ ಸುದ್ದಿ ಉಂಟಾ ಅಕ್ಕ?" ಅಮ್ಮ "ಮೀನು ತಾಜಾ ಉಂಟು" ಎನ್ನುತ್ತಿದ್ದಳು.

ಹನ್ನೊಂದನೆಯ ಜೋನ್ಸ್ ಬಜಪೆಯಲ್ಲಿ ಸಿಕ್ಕರು. ಅದು ಜುಲೈ ಮೊದಲ ವಾರ, ಭಾನುವಾರ. ನಾನೂ ಜೊತೆಗೆ ಹೋಗಿದ್ದೆ. ಗಲ್ಫಿನಿಂದ ವಾಪಸು ಬಂದವರು ಎಂದು ಯಾರೋ ಹೇಳಿದ್ದರಿಂದ ಅಪ್ಪ ಬಸ್ಸಿನಲ್ಲಿ ಎರಡು ಸಲ ತಲೆ ಬಾಚಿಕೊಂಡರು. ಬಾಗಿಲು ತೆರೆದದ್ದು ಅವರ ಹೆಂಡತಿ.

"ಬಾಯಮ್ಮ, ಜೋನ್ಸ್ ಅಂದ್ರೆ ಇಲ್ಲಿಯಾ?"

"ಹೌದು. ಎಂತ ಆಗ್ಬೇಕಿತ್ತು?"

"ಅವರು ಗಲ್ಫಿನಲ್ಲಿ ಹಡಗು ಇಟ್ಟಿದ್ದಾರಾ?"

"ಹಡಗಾ? ಅವರಿಗೆ ಈಜಲಿಕ್ಕೇ ಬರುದಿಲ್ಲ! ದಮಾಮಿನಲ್ಲಿ ಬೇಕರಿಯಲ್ಲಿದ್ದದ್ದು ಮಾರಾಯ್ರೆ."

ಒಳಗಿನಿಂದ ಗಂಡಸಿನ ಸ್ವರ, "ಯಾರದು? ಕೇಬಲಿನವನಾದ್ರೆ ಮೊದ್ಲು ಚಾನೆಲ್ ಸರಿ ಮಾಡ್ಲಿಕ್ಕೆ ಹೇಳು."

"ಹೆಸರಿನ ಮುಂದೆ ಡೇವಿ ಅಂತ ಉಂಟಾ?" ಅಪ್ಪ ಬಿಡಲಿಲ್ಲ.

"ಡೇವಿ ಅಂದ್ರೆ ಇವರ ಅಣ್ಣ. ತೀರಿಹೋಗಿ ಆರು ವರ್ಷ ಆಯ್ತು. ಡೇವಿ ಬೇರೆ, ಜೋನ್ಸ್ ಬೇರೆ."

"ಲಾಕರ್?"

"ಲಾಕರ್ ಬ್ಯಾಂಕಿನಲ್ಲಿ ಉಂಟು. ನೀವು ಎಂತ, ಕಳ್ಳರಾ?" ಎಂದು ಆಕೆ ಜೋರಾಗಿ ನಕ್ಕರು. ನಾವೂ ನಕ್ಕೆವು. ಜೋನ್ಸ್ ಹೊರಗೆ ಬಂದು, ವಿಷಯ ಕೇಳಿ, ನಮ್ಮನ್ನು ಕೂರಿಸಿ, ಚಾ ಮತ್ತು ಅವರೇ ಮಾಡಿದ ರಸ್ಕ್ ಕೊಟ್ಟರು. ಮಗ ಸಿಗಲಿ ಎಂದು ಪ್ರಾರ್ಥನೆ ಮಾಡುವುದಾಗಿ ಹೇಳಿದರು. ವಾಪಸು ಬರುವಾಗ ಅಪ್ಪ ಖುಷಿಯಲ್ಲಿದ್ದರು. "ಒಳ್ಳೆ ಜನ ಅಲ್ವಾ? ಜೋನ್ಸ್ ಅಂತ ಹೆಸರಿದ್ದವರು ಎಲ್ಲ ಒಳ್ಳೆಯವರೇ. ನಾನು ನೋಡಿದ್ದೇನಲ್ಲ."

ನಾಲ್ಕು ದಿನಗಳ ಮೇಲೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಸೆಮಿನಾರಿಗೆ ಓದುತ್ತಿದ್ದೆ. ನಮ್ಮ ಭಾಷೆಗಳಿಂದ ಇಂಗ್ಲಿಷಿನ ಆಡುಮಾತಿಗೆ ಹೋದ ಪದಗಳು, ಅದು ನನ್ನ ವಿಷಯ. 'ಡೆಕ್ಕೊ' ಎಂಬ ಪದ ಬೇಕಿತ್ತು. ಒಂದು ಸಲ ನೋಡು ಎನ್ನುವುದಕ್ಕೆ ಇಂಗ್ಲಿಷರು ಹೇಳುವ ಮಾತು, ಹಿಂದಿಯ 'ದೇಖೋ'ದಿಂದ ಸಿಪಾಯಿಗಳು ಹೊತ್ತುಕೊಂಡು ಹೋದದ್ದು. ಆಡುಮಾತಿನ ನಿಘಂಟು ತೆಗೆದೆ. ಬೆಳ್ಳಿಹುಳ ತಿಂದ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಡೆಕ್ಕೊ ಹುಡುಕುತ್ತ ಎರಡು ಹಾಳೆ ಹಿಂದೆ ಹೋದೆ. ಅಲ್ಲಿ ದಪ್ಪ ಅಕ್ಷರದಲ್ಲಿ ಡೇವಿ ಜೋನ್ಸ್ ಇದ್ದ.

ನಾವಿಕರ ಆಡುಮಾತು. ಕಡಲಿನ ಪಿಶಾಚಿ. ಡೇವಿ ಜೋನ್ಸನ ಲಾಕರ್: ಕಡಲಿನ ತಳ, ಮುಳುಗಿ ಸತ್ತವರ ಗೋರಿ. ಅವನ ಲಾಕರಿಗೆ ಹೋಗುವುದು: ಕಡಲಿನಲ್ಲಿ ಸಾಯುವುದು. ಮೂಲ: ತಿಳಿದಿಲ್ಲ.

ಮೂರು ಸಲ ಓದಿದೆ. ಆಮೇಲೆ ಎರಡು ಹಾಳೆ ಮುಂದೆ ಹೋಗಿ ಡೆಕ್ಕೊ ಪದದ ಟಿಪ್ಪಣಿಯನ್ನು ಪೂರ್ತಿ ಬರೆದು ಮುಗಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ನನ್ನ ಅಕ್ಷರ ಎಂದಿನ ಹಾಗೇ ಇತ್ತು.

ಕ್ಲಾಸಿನ ಮೂವರನ್ನು ಕೇಳಿದೆ. ಒಬ್ಬನಿಗೆ ಗೊತ್ತಿತ್ತು, ವಿಡಿಯೊ ಗೇಮಿನಿಂದ. "ಅದು ಸತ್ತದ್ದಕ್ಕೆ ಹೇಳುದಲ್ವಾ? ನಿನಗೆ ಗೊತ್ತಿಲ್ವಾ?" ಎಂದ.

ಇಂಜಿನಿಯರ್ ಅಪ್ಪನಿಗೆ ಸಾವಿನ ಸುದ್ದಿಯನ್ನೇ ಹೇಳಿದ್ದ. ಬಹುಶಃ ಅವನ ಬಾಯಲ್ಲಿ 'ಸತ್ತ' ಎಂಬ ಪದ ಬರಲಿಲ್ಲ. ಬಹುಶಃ ಕುಡಿದಿದ್ದ. ಅವನ ನಂಬರಿಗೆ ಮೆಸೇಜ್ ಹಾಕಿದರೆ ಒಂದೇ ಟಿಕ್ ಬೀಳುತ್ತಿತ್ತು, ಕಾಲ್ ಹೋಗುತ್ತಿರಲಿಲ್ಲ.

ಏಜೆನ್ಸಿಯ ಆಫೀಸು ಹಂಪನಕಟ್ಟೆಯ ಹತ್ತಿರ ಮೂರನೆಯ ಮಾಳಿಗೆಯಲ್ಲಿದೆ. ಮ್ಯಾನೇಜರ್ ಕೌಶಲ್ ಇಸ್ತ್ರಿ ಶರಟಿನ, ಸಣ್ಣ ದನಿಯ ಯುವಕ. ಅವನು ನನ್ನ ಮಾತನ್ನು ತಡೆಯದೆ ಕೇಳಿದ. ಆಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಮಾರ್ಚ್ ಹನ್ನೆರಡರ ನನ್ನ ಮೇಲ್. ಅದರ ಕೆಳಗೆ ಹಡಗಿನ ಕಂಪನಿಯ ಟಿಪ್ಪಣಿ: ಮಗ ಬೇರೆಯವರ ಬಳಿ ಸೇರಿದ್ದಾನೆಂದು ತಂದೆಯೇ ಲಿಖಿತವಾಗಿ ತಿಳಿಸಿರುವುದರಿಂದ, ಸ್ವಇಚ್ಛೆಯಿಂದ ಹಡಗು ಬಿಟ್ಟವನೆಂದು ದಾಖಲಿಸಲಾಗಿದೆ. ಹುಡುಕಾಟ ಹದಿಮೂರರಂದು ನಿಲ್ಲಿಸಲಾಗಿದೆ.

"ಹುಡುಕ್ತಿದ್ರಾ ಅಲ್ಲಿವರೆಗೆ?" ಎಂದೆ.

"ಎರಡು ಬೋಟು ಹಾಕಿದ್ರಂತೆ. ಕೋಸ್ಟ್ ಗಾರ್ಡಿಗೂ ಹೇಳಿದ್ರಂತೆ."

"ಈ ಹೆಸರು ನೋಡಿ ಅಲ್ಲಿ ಯಾರಿಗೂ ಏನೂ ಅನಿಸ್ಲಿಲ್ವಾ? ಹಡಗಿನವರಿಗೆ ಈ ಮಾತು ಗೊತ್ತಿರುದಿಲ್ವಾ?"

"ಅದು ನನಗೆ ಹೇಗೆ ಗೊತ್ತು? ನಂದು ಬಿಕಾಂ." ಅವನು ಪರದೆಯ ಮೇಲೆ ಪೆನ್ನಿನ ತುದಿ ಇಟ್ಟ. "ನೀವು ಮಿಸ್ಟರ್ ಅಂತ ಬರೆದಿದ್ದೀರಿ ನೋಡಿ. ಮಿಸ್ಟರ್ ಅಂದ್ರೆ ಯಾರಾದ್ರೂ ಮನುಷ್ಯ ಅಂತಲೇ ತಿಳ್ಕೊಳ್ಳುದು. ಅಡ್ರೆಸ್ ಬೇರೆ ಕೇಳಿದ್ದೀರಿ."

ಡೇವಿ ಜೋನ್ಸ್ ಎಂಬ ಮನುಷ್ಯ ಇಲ್ಲ ಎಂಬುದಕ್ಕೆ ಅಚ್ಚಾದ ದಾಖಲೆ ತಂದರೆ ಕಂಪನಿಗೆ ಕಳಿಸುತ್ತೇನೆ ಎಂದ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಇಲ್ಲದ ಮನುಷ್ಯನಿಗೆ ದಾಖಲೆ ಹುಡುಕುತ್ತ ನಾಲ್ಕು ದಿನ ಲೈಬ್ರರಿಯಲ್ಲಿ ಕುಳಿತೆ. ಐದು ಪುಸ್ತಕಗಳಲ್ಲಿ ಅವನು ಸಿಕ್ಕಿದ. ಅರ್ಥದ ಬಗ್ಗೆ ಯಾರಿಗೂ ಜಗಳ ಇಲ್ಲ. ಮುನ್ನೂರು ವರ್ಷಗಳಿಂದ ಅದೇ ಅರ್ಥ. ಜಗಳ ಇರುವುದು ಅವನು ಯಾರು ಎಂಬುದರಲ್ಲಿ. ವೇಲ್ಸ್ ದೇಶದ ನಾವಿಕರು ಪ್ರಾರ್ಥಿಸುತ್ತಿದ್ದ ಸಂತ ಡೇವಿಡನ ಹೆಸರು ಎನ್ನುತ್ತದೆ ಒಂದು. ವೆಸ್ಟ್ ಇಂಡೀಸಿನ ಗುಲಾಮರು ಭೂತಕ್ಕೆ ಹೇಳುತ್ತಿದ್ದ 'ಡಪ್ಪಿ' ಎಂಬ ಪದವೇ ಡೇವಿ ಆಯಿತು ಎನ್ನುತ್ತದೆ ಇನ್ನೊಂದು. ಜೋನ್ಸ್ ಅಂದರೆ ಬೈಬಲಿನ ಯೋನ, ಮೀನಿನ ಹೊಟ್ಟೆಗೆ ಹೋದವನು, ಎನ್ನುತ್ತದೆ ಮೂರನೆಯದು. ಡೇವಿ ಜೋನ್ಸ್ ಲಂಡನ್ನಿನಲ್ಲಿ ಶರಾಬು ಅಂಗಡಿ ಇಟ್ಟಿದ್ದವನು, ಕುಡಿದು ಬಿದ್ದ ಗಿರಾಕಿಗಳನ್ನು ಪೀಪಾಯಿ ಇಡುವ ಕೋಣೆಗೆ ಹಾಕಿ ಬೀಗ ಜಡಿದು ಹಡಗಿನವರಿಗೆ ಒಪ್ಪಿಸುತ್ತಿದ್ದವನು, ಎನ್ನುತ್ತದೆ ನಾಲ್ಕನೆಯದು. ಐದನೆಯದು ಇವೆಲ್ಲ ಊಹೆಗಳು ಎಂದು ಒಂದೇ ಸಾಲಿನಲ್ಲಿ ಮುಗಿಸಿತ್ತು. ಡೆಕ್ಕೊ ಪದವನ್ನು ಯಾವ ಸಿಪಾಯಿ ಯಾವ ಭಾಷೆಯಿಂದ ಎತ್ತಿದ ಎಂಬುದು ಎಲ್ಲರಿಗೂ ಗೊತ್ತು. ಡೇವಿಯನ್ನು ಯಾರು ಮೊದಲು ಕಂಡರು ಎಂಬುದು ಯಾರಿಗೂ ಗೊತ್ತಿಲ್ಲ.

ಐದನ್ನೂ ಜೆರಾಕ್ಸ್ ಮಾಡಿಸಿ ಕೌಶಲನಿಗೆ ಕೊಟ್ಟೆ. ಅವನು ಓದುತ್ತ ಹೋಗಿ ನಾಲ್ಕನೆಯದರಲ್ಲಿ ನಿಂತ. ಪೆನ್ನಿನಿಂದ ಗೆರೆ ಎಳೆದ.

"ಇಲ್ಲಿ ಒಬ್ಬ ಇದ್ದಾನಲ್ಲ."

"ಅವನು ಐನೂರು ವರ್ಷ ಹಿಂದಿನವನು. ಅದೂ ಇದ್ದದ್ದು ಗ್ಯಾರಂಟಿ ಇಲ್ಲ."

"ಸರಿ. ಇದ್ದ ಅಂತಾದ್ರೆ ಮನುಷ್ಯ ಆಯ್ತಲ್ಲ? ಇಲ್ಲ ಅಂತ ಯಾರೂ ಬರೆದಿಲ್ಲ. ಕಂಪನಿಯ ವಕೀಲರು ಇದನ್ನೇ ಹಿಡೀತಾರೆ." ಹಾಳೆಗಳನ್ನು ಜೋಡಿಸಿ ವಾಪಸು ಕೊಟ್ಟ. "ಇದು ಬೇಡ. ಒಂದೇ ದಾರಿ ಉಂಟು. ನಿಮ್ಮ ತಂದೆಯೇ ಹೊಸ ಹೇಳಿಕೆ ಕೊಡ್ಬೇಕು. ಮೊದಲು ಹೇಳಿದ್ದು ತಪ್ಪು ತಿಳುವಳಿಕೆ, ಅಂಥ ವ್ಯಕ್ತಿ ಇಲ್ಲ, ಮಗ ಕಡಲಿಗೆ ಬಿದ್ದು ತೀರಿಕೊಂಡಿದ್ದಾನೆ ಅಂತ ನಂಬ್ತೇನೆ, ಹೀಗೆ. ನನ್ನೆದುರು ಸಹಿ ಹಾಕ್ಬೇಕು. ಜುಲೈ ಮೂವತ್ತೊಂದಕ್ಕೆ ಫೈಲು ಕ್ಲೋಸ್. ಆಮೇಲೆ ನನ್ನ ಕೈಯಲ್ಲಿ ಇಲ್ಲ."

"ಸಹಿ ಹಾಕಿದ್ರೆ?"

"ಓಡಿಹೋದವ ಅಂತ ಇರುವುದನ್ನು ತೆಗೀತಾರೆ. ಇಂಜಿನಿಯರನ ಹೇಳಿಕೆ ತಗೊಳ್ತಾರೆ. ಡೆತ್ ಸರ್ಟಿಫಿಕೇಟಿಗೆ ದಾರಿ ಆಗ್ತದೆ."

ಅಪ್ಪನಿಗೆ ಹೇಳಿದ್ದು ದಕ್ಕೆಯಲ್ಲಿ. ಅಂದು ಅವರು ಬಲೆಯ ಹತ್ತಿರ ಕುಳಿತಿದ್ದರು. ಪಕ್ಕದಲ್ಲಿ ಉಳ್ಳಾಲದ ಸಮದ್ ಇದ್ದರು, ಬೋಟಿನ ಇಂಜಿನ್ ರಿಪೇರಿಯವರು, ಅಪ್ಪನಿಗೆ ಮೂವತ್ತು ವರ್ಷದ ಗೆಳೆಯ. ಸುತ್ತ ಕಟ್ಟಿದ ಬೋಟುಗಳು ಒಂದಕ್ಕೊಂದು ಉಜ್ಜಿ ಕಿರುಗುಟ್ಟುತ್ತಿದ್ದವು. ನಾನು ಸುತ್ತಿಬಳಸದೆ ಹೇಳಿದೆ. ಡೇವಿ ಜೋನ್ಸ್ ಅಂದರೆ ಮನುಷ್ಯ ಅಲ್ಲ. ಕಡಲಿನಲ್ಲಿ ಸತ್ತವರಿಗೆ ಇಂಗ್ಲಿಷರು ಹೇಳುವ ಮಾತು. ಅಣ್ಣ ಮಾರ್ಚ್ ಹತ್ತರಂದೇ ಸತ್ತಿದ್ದಾನೆ. ನಾವು ಬರೆದ ಕಾಗದ ನೋಡಿ ಹುಡುಕುವುದನ್ನು ನಿಲ್ಲಿಸಿದರು.

'ನಾವು' ಎಂದೆ. 'ನಾನು' ಎನ್ನಬೇಕಿತ್ತು.

ಅಪ್ಪ ಬಲೆಯ ಕಣ್ಣಿಗೆ ದಾರ ಸೇರಿಸಿ ಗಂಟು ಹಾಕಿದರು. ಇನ್ನೊಂದು ಹಾಕಿದರು. ಸಮದ್ ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹಾಗಾದ್ರೆ ಅವನು ಯಾರು?" ಎಂದರು ಅಪ್ಪ.

"ಯಾರೂ ಅಲ್ಲ ಪಪ್ಪ."

"ಯಾರೂ ಅಲ್ಲದವನಿಗೆ ಹೆಸರು ಹೇಗೆ ಬಂತು? ನೀನು ಓದಿದ್ದೀಯಲ್ಲ, ಹೇಳು."

ಓದಿದ್ದನ್ನೆಲ್ಲ ಹೇಳಿದೆ. ಸಂತ, ಭೂತ, ಶರಾಬಿನವನು, ಮೀನಿನ ಹೊಟ್ಟೆಗೆ ಹೋದ ಯೋನ.

"ಅದು ನಮ್ಮ ಯೂನುಸ್ ನೆಬಿ ಅಲ್ವಾ," ಎಂದರು ಸಮದ್. "ಮೀನು ನುಂಗಿದ್ದು. ನಮ್ಮಲ್ಲಿಯೂ ಉಂಟು."

"ಆಮೇಲೆ ಎಂತಾಯ್ತು ಅವರಿಗೆ?" ಅಪ್ಪ ಕೇಳಿದರು.

ಸಮದ್‌ಗೆ ತಾನು ಆಡಬಾರದ್ದನ್ನು ಆಡಿದೆ ಎಂದು ಗೊತ್ತಾಯಿತು. ಆದರೂ ಸುಳ್ಳು ಹೇಳಲಿಲ್ಲ. "ಹೊರಗೆ ಬಂದ್ರು. ಮೀನು ದಡಕ್ಕೆ ಬಿಟ್ಟಿತು. ಆದ್ರೆ ಅವರು ನೆಬಿ ಅಲ್ವಾ ಲೀಲಣ್ಣ, ದೇವರ ಪ್ರವಾದಿ. ನಾವು ಎಂತ, ಡೀಸೆಲ್ ಜನ."

"ಹೊರಗೆ ಬಂದ್ರಲ್ಲ," ಎಂದರು ಅಪ್ಪ.

"ಪಪ್ಪ, ಅರ್ಥ ಗ್ಯಾರಂಟಿ. ಹೆಸರು ಎಲ್ಲಿಂದ ಬಂತು ಅನ್ನುದು ಮಾತ್ರ ಗೊತ್ತಿಲ್ಲ."

"ಅವನು ಹುಟ್ಟಿದ್ದು ಎಲ್ಲಿ ಅಂತ ಗೊತ್ತಿಲ್ಲ. ಇದ್ದನಾ ಅಂತ ಗೊತ್ತಿಲ್ಲ. ಎಂತ ಮಾಡ್ತಿದ್ದ ಅಂತ ಗೊತ್ತಿಲ್ಲ. ನನ್ನ ಮಗ ಸತ್ತದ್ದು ಮಾತ್ರ ಗೊತ್ತುಂಟಾ?" ಅಪ್ಪ ದನಿ ಎತ್ತರಿಸಲಿಲ್ಲ. "ಗೊತ್ತಿಲ್ಲ ಅಂತ ಬರೆದಿದ್ದಾರಲ್ಲ. ಇಲ್ಲ ಅಂತ ಬರೆದಿಲ್ಲ."

ಕೌಶಲ್ ಹೇಳಿದ್ದೂ ಅದನ್ನೇ. ಇಬ್ಬರಿಗೂ ನನ್ನ ಜೆರಾಕ್ಸ್ ಹಾಳೆಗಳು ಚೆನ್ನಾಗಿ ಕೆಲಸಕ್ಕೆ ಬಂದವು.

ಅಮ್ಮನಿಗೆ ಹೇಳಲು ಹೋದರೆ ಅವಳು ಮೀನಿನ ಬುಟ್ಟಿ ತೊಳೆಯುತ್ತಿದ್ದವಳು ನಿಲ್ಲಿಸಲೇ ಇಲ್ಲ.

"ನನಗೆ ಗೊತ್ತುಂಟು," ಎಂದಳು.

"ಎಂತ ಗೊತ್ತು?"

"ಆ ದಿನ ಫೋನ್ ಇಟ್ಟವರು ಸೀದಾ ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ತಲೆಗೆ ಹೊಯ್ದುಕೊಂಡ್ರು. ದಕ್ಕೆಯಿಂದ ಬಂದು ಸ್ನಾನ ಆಗಿತ್ತು. ಪುನಃ ಯಾಕೆ ಅಂತ ಕೇಳಿದೆ. ಸೆಕೆ ಅಂದ್ರು. ಸೂತಕದ ಸುದ್ದಿ ಬಂದ್ರೆ ಮಾತ್ರ ಹಾಗೆ ತಲೆಗೆ ಹೊಯ್ಯುದು. ಒದ್ದೆ ತಲೆಯಲ್ಲೇ ಬಂದು, ಮಗ ಬೇರೆ ಕಡೆ ಸೇರಿದ ಅಂದ್ರು."

"ಹಾಗಾದ್ರೆ ಪಪ್ಪನಿಗೆ ಆಗಲೇ ಗೊತ್ತಿತ್ತಾ?"

"ಕಿವಿಗೆ ಗೊತ್ತಾಗಿರ್ಬೇಕು. ಆ ಬಿಳಿಯವ ಫೋನಿನಲ್ಲಿ ಅಳ್ತಿದ್ದ. ನನಗೇ ಕೇಳ್ತಿತ್ತು." ಅಮ್ಮ ಬುಟ್ಟಿಯನ್ನು ಮಗುಚಿ ಇಟ್ಟಳು. "ನಾನೂ ಸುಮ್ಮನೆ ಇದ್ದೆ. ಎರಡು ದಿನ ಹೀಗೆ ಹೇಳಿಕೊಳ್ಳಲಿ, ಆಮೇಲೆ ಅವರೇ ಹೇಳ್ತಾರೆ ಅಂತ. ಅಷ್ಟರಲ್ಲಿ ನೀನು ಇಂಗ್ಲಿಷಿನಲ್ಲಿ ಬರೆದೆ."

ಅವಳು ಅದನ್ನು ಆಪಾದನೆಯ ಹಾಗೆ ಹೇಳಲಿಲ್ಲ. ಮೀನಿನ ರೇಟು ಹೇಳಿದ ಹಾಗೆ ಹೇಳಿದಳು. ಕೌಶಲ್ ಕೇಳಿದ ಹೇಳಿಕೆಯ ವಿಷಯ ತಿಳಿಸಿದೆ. "ಅವರಿಂದ ಸಹಿ ಹಾಕಿಸು. ಬೊಜ್ಜ ಮಾಡ್ಬೇಕು. ಹೀಗೆ ಬಿಡ್ಬಾರದು," ಎಂದಳು. ಬೊಜ್ಜ ಅಂದರೆ ನಮ್ಮಲ್ಲಿ ಉತ್ತರಕ್ರಿಯೆ. ಅದು ಮುಗಿದ ಮೇಲೆ ಸತ್ತವರನ್ನು ಹೆಸರು ಹಿಡಿದು ಕರೆದು ಮನೆಯ ಒಳಗೆ ಸೇರಿಸಿಕೊಳ್ಳುತ್ತಾರೆ. ಕರೆಯದೆ ಹೋದರೆ ಅವರು ಹೊರಗೇ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಅಪ್ಪ ಒಪ್ಪದೆ ಅಮ್ಮ ಮಾಡುವ ಹಾಗಿಲ್ಲ ಎಂಬುದು ಗೊತ್ತಿತ್ತು. ಕುಟುಂಬದ ಹಿರಿಯರೂ ಕೇಳುವುದು ಅದನ್ನೇ: ಸತ್ತ ಅಂತ ತಂದೆ ಹೇಳಿದ್ದಾನಾ?

ಹದಿನೈದು ದಿನ ನಾನು ವಾರಕ್ಕೆರಡು ಸಲ ಮನೆಗೆ ಬಂದು ಅಪ್ಪನ ಬೆನ್ನು ಹತ್ತಿದೆ. ಕೊನೆಗೆ ಮೂವತ್ತೊಂದರ ಬೆಳಿಗ್ಗೆ ಅವರೇ ಬಿಳಿ ಶರಟು ಹಾಕಿಕೊಂಡು, ಕನ್ನಡಕ ಜೇಬಿಗೆ ಸೇರಿಸಿ, "ಬಾ, ಹೋಗುವ," ಎಂದರು. ಅಮ್ಮ ಬಾಗಿಲವರೆಗೆ ಬಂದಳು.

ಕೌಶಲ್ ಎದ್ದು ನಿಂತು ಕುರ್ಚಿ ಎಳೆದ. "ಕೂತ್ಕೊಳ್ಳಿ ಲೀಲಾಧರಣ್ಣ." ಹೇಳಿಕೆಯನ್ನು ಕನ್ನಡದಲ್ಲಿಯೂ ಟೈಪ್ ಮಾಡಿಸಿದ್ದ. ಒಂದೊಂದೇ ಸಾಲು ಓದಿ ಹೇಳಿದ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಎರಡು ಕಡೆ ಜಾಗ ಖಾಲಿ ಬಿಟ್ಟಿದ್ದ. ಅದನ್ನು ಸ್ವಂತ ಕೈಬರಹದಲ್ಲಿ ತುಂಬಬೇಕೆಂದು ಕಂಪನಿಯ ನಿಯಮ. 'ಮೇಲೆ ಹೇಳಿದ ಮಿಸ್ಟರ್ ಡೇವಿ ಜೋನ್ಸ್ ಎಂಬವರು...' ಎಂದು ಒಂದು. 'ನನ್ನ ಮಗ ಧನರಾಜ್ ಈಗ...' ಎಂದು ಇನ್ನೊಂದು.

"ಮೊದಲನೆಯದರಲ್ಲಿ 'ಇಲ್ಲ' ಅಂತ ಬರೀರಿ. ಎರಡನೆಯದರಲ್ಲಿ 'ಮೃತ' ಅಂತ ಬರೀರಿ. ಅಷ್ಟೇ," ಎಂದ ಕೌಶಲ್.

ಅಪ್ಪ ಕನ್ನಡಕ ಹಾಕಿಕೊಂಡರು. ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

"ಕೊನೆಗೆ ಸಿಕ್ಕಿತಾ ಮಗಾ? ಅವನು ಯಾರು ಅಂತ?"

ಸಿಕ್ಕಿತು ಎಂದು ಹೇಳಬಹುದಿತ್ತು. ಅಂಥವನು ಇರಲೇ ಇಲ್ಲ ಎಂದು ಬರೆದ ಪುಸ್ತಕವೊಂದು ಸಿಕ್ಕಿತು, ದೊಡ್ಡ ಪುಸ್ತಕ, ಎಂದು ಹೇಳಿದ್ದರೆ ಅಪ್ಪ ಬರೆಯುತ್ತಿದ್ದರು. ಅವರು ಕಾಯುತ್ತಿದ್ದದ್ದು ಅದಕ್ಕೇ ಎಂದು ಈಗ ತೋರುತ್ತದೆ. ಯಾರಾದರೂ ಬಲವಾಗಿ ಹೇಳಲಿ ಎಂದು. ಆದರೆ ಮಾರ್ಚ್‌ನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆದವಳು ನಾನು. ಇನ್ನೊಂದು ಸಲ ಬಾಯಿ ಬರಲಿಲ್ಲ.

"ಇಲ್ಲ ಪಪ್ಪ. ಮೂಲ ತಿಳಿದಿಲ್ಲ ಅಂತಲೇ ಉಂಟು."

ಅಪ್ಪ ಬಗ್ಗಿದರು. ಮೊದಲ ಜಾಗದಲ್ಲಿ ನಿಧಾನವಾಗಿ, ತಂಡೇಲರ ದೊಡ್ಡ ದೊಡ್ಡ ಅಕ್ಷರಗಳಲ್ಲಿ, 'ಗೊತ್ತಿಲ್ಲ' ಎಂದು ಬರೆದರು. ಎರಡನೆಯದರಲ್ಲಿಯೂ 'ಗೊತ್ತಿಲ್ಲ' ಎಂದು ಬರೆದರು. ಕೆಳಗೆ ಸಹಿ ಹಾಕಿ ತಾರೀಕು ಬರೆದರು.

"ಹೀಗೆ ಬರೆದ್ರೆ ಆಗುದಿಲ್ಲ ಅಣ್ಣ," ಎಂದ ಕೌಶಲ್. "ಇದು ಉತ್ತರ ಅಲ್ಲ. ಬೇರೆ ಪ್ರಿಂಟ್ ಕೊಡ್ತೇನೆ."

"ಪುಸ್ತಕದಲ್ಲಿ ಇರುದನ್ನೇ ಬರೆದದ್ದು ಸರ್. ಐದು ಪುಸ್ತಕ ನೋಡಿದ್ದಾಳೆ ಇವಳು."

"ಪಪ್ಪ, ಅಮ್ಮ ಕಾಯ್ತಾ ಇದ್ದಾಳೆ," ಎಂದೆ.

ಅಪ್ಪ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟರು. ಕೌಶಲ್ ಎರಡು ಸಲ ಹೊಸ ಪ್ರಿಂಟ್ ತೆಗೆದು ಮುಂದಿಟ್ಟ. ಒಂದು ಗಂಟೆಯವರೆಗೆ ಕಾದ. ಆಮೇಲೆ ಊಟಕ್ಕೆ ಹೋಗಬೇಕು ಎಂದ. ಸಂಜೆ ಅವನಿಂದ ಮೇಲ್ ಬಂತು. ಹೇಳಿಕೆ ಅಪೂರ್ಣವಾಗಿರುವುದರಿಂದ ಹಿಂದಿನ ದಾಖಲೆಯೇ ಅಂತಿಮ, ಫೈಲು ಮುಕ್ತಾಯವಾಗಿದೆ.

ಆಗಸ್ಟ್ ಮೂರಕ್ಕೆ ಬೋಟು ಹೊರಟಿತು. ಅಪ್ಪ ಹೋಗಲಿಲ್ಲ. ಸಮದ್ ಮನೆಗೆ ಬಂದು ಒಂದು ಗಂಟೆ ಕುಳಿತು ಹೋದರು. ಮಾಲಕರು ಎರಡು ಟ್ರಿಪ್ ನೋಡಿ ಬೇರೆ ತಂಡೇಲರನ್ನು ಹಾಕಿದರು.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಮನೆಯ ಸತ್ತವರಿಗೆ ಬಡಿಸುವುದುಂಟು. ಆಗಸ್ಟಿನ ಎರಡನೆಯ ಭಾನುವಾರ ಅಮ್ಮ ಒಳಕೋಣೆಯಲ್ಲಿ ಅಜ್ಜ ಅಜ್ಜಿಗೆ ಎರಡು ಎಲೆ ಹಾಕಿದಳು. ಆಮೇಲೆ ಮೂರನೆಯದನ್ನು ತಂದು ಹೊಸ್ತಿಲಿನ ಹೊರಗೆ, ಮಾಡಿನ ನೀರು ಬೀಳದ ಜಾಗ ನೋಡಿ ಹಾಕಿದಳು. ಬೊಜ್ಜ ಮಾಡಿ ಕರೆಯದೆ ಉಳಿದವರಿಗೆ ಒಳಗೆ ಜಾಗ ಇಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ. ಬಂಗುಡೆಯ ತಲೆ ಅಣ್ಣನಿಗೆ ಇಷ್ಟ.

ಅಪ್ಪ ಬಿಳಿ ಶರಟು ಹಾಕಿಕೊಂಡು, ಕೊಡೆ ಹಿಡಿದು ಒಳಗಿನಿಂದ ಬಂದರು. ಎಲೆಯನ್ನು ನೋಡಿದರು. ಗಾಳಿಗೆ ಅದರ ತುದಿ ಮಡಚಿಕೊಂಡಿತ್ತು. ಬಗ್ಗಿ ಅದನ್ನು ಬಿಡಿಸಿ, ಮೇಲೆ ಒಂದು ಸಣ್ಣ ಕಲ್ಲು ಇಟ್ಟರು. ಆಮೇಲೆ ಎಲೆಯನ್ನು ಬಳಸಿಕೊಂಡು ಅಂಗಳಕ್ಕೆ ಇಳಿದರು.

"ಎಲ್ಲಿಗೆ?" ಎಂದಳು ಅಮ್ಮ.

"ಮೂಡಬಿದಿರೆಗೆ. ಅಲ್ಲಿ ಒಬ್ಬರು ಜೋನ್ಸ್ ಇದ್ದಾರಂತೆ. ಹಡಗಿನಲ್ಲಿದ್ದವರಂತೆ."

"ಊಟ?"

"ಬಂದು ಮಾಡ್ತೇನೆ."

ಬಡಿಸಿದ ಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕಬೇಕು, ಸತ್ತವರು ಉಣ್ಣುವುದನ್ನು ನೋಡಬಾರದು. ಅಪ್ಪ ಗೇಟು ದಾಟುವವರೆಗೂ ಅಮ್ಮ ಕಾಯಲಿಲ್ಲ. ಬಾಗಿಲು ಹಾಕಿ, ಚಿಲಕ ಜಡಿದು, ಗೋಡೆಗೆ ಒರಗಿ ಕುಳಿತಳು. ನನಗೂ ಕೂರಲು ಹೇಳಿದಳು.